ಕೈ ತೊಳೆದುಕೊಂಡು ಬಾ

ಮೊದಲು ತಿಳಿದದ್ದು ಇರುವೆಗಳಿಗೆ.
ಬಚ್ಚಲ ಮೂಲೆಯಲ್ಲಿ ಸಾಲುಗಟ್ಟಿದವು.
ನನ್ನ ಪಂಚೆಗಂಟಿದ ಜೋನಿಗೆ ಬಂದಿವೆ ಅಂದುಕೊಂಡೆ;
ಆಲೆಮನೆಯವನ ಮನೆಗೆ ಇರುವೆ ಬರುವುದು
ಕೆರಗೋಡಿನಲ್ಲಿ ಯಾರಿಗೂ ಸುದ್ದಿಯಲ್ಲ.

ಧಾತ್ರಿ ನಲ್ಲಿಗೇ ಬಾಯಿಟ್ಟು ಕುಡಿಯುತ್ತಿದ್ದಳು.
ಏಳು ತುಂಬಿದವಳು ಮತ್ತೆ ಹಾಸಿಗೆ ಒದ್ದೆ ಮಾಡಿ
ಕಂಬಳಿ ಮಡಚಿ ಮುಚ್ಚಿಡುತ್ತಿದ್ದಳು.
ಲಂಗದ ಲಾಡಿ ದಿನಕ್ಕಿಷ್ಟು ಬಿಗಿಯಾಯಿತು.
ಅವ್ವ ಮೆಣಸಿನಕಾಯಿ ನೀವಳಿಸಿ ಒಲೆಗೆ ಹಾಕಿದಳು,
ಘಾಟೇ ಏಳಲಿಲ್ಲ.
"ನೋಡ್ಲಾ, ಅದೆಷ್ಟು ದೃಷ್ಟಿ ತಾಕದೆ ಮಗೀಗೆ."

ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ
ಯಂತ್ರ ಅಂಕಿ ತೋರಿಸಲಿಲ್ಲ.
ಇಂಗ್ಲಿಷಿನ ಎರಡಕ್ಷರ ಮಾತ್ರ, ಅಳತೆ ಮೀರಿದೆ ಅಂತ.
ಒಣಗಿದ ತುಟಿಯಲ್ಲಿ ಮಗಳು ಕೂಡಿಸಿ ಓದಿದಳು:
"ಅಪ್ಪ, ಅದು ಹಾಯ್ ಅಂತದೆ."

ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡರು.
ಬೆಲ್ಲ ತಿಂದು ಬರುವುದಲ್ಲ ಇದು, ಯಾರ ತಪ್ಪೂ ಅಲ್ಲ.
ತಲೆಯಾಡಿಸಿದೆ. ತಲೆ ಆಡಿಸುವುದಕ್ಕೇನು.
ಕೊಪ್ಪರಿಗೆಯಿಂದ ಬಿಸಿ ಪಾಕ ತೆಗೆದು
ಬಾಳೆಲೆ ಚೂರಿನ ಮೇಲೆ ಎಳೆ ಎಳೆಯಾಗಿ ಬಿಟ್ಟು
ಊದಿ ಊದಿ ಕೊಟ್ಟವನು ನಾನು ತಾನೇ.

ನರ್ಸಮ್ಮ ಕಿತ್ತಳೆಗೆ ಚುಚ್ಚಿ ಕಲಿಸಿದರು.
ಕಿತ್ತಳೆ ಸಲೀಸು. ಕಿತ್ತಳೆ ಕಣ್ಣು ಮುಚ್ಚಿಕೊಳ್ಳುವುದಿಲ್ಲ,
"ಭಾನುವಾರನೂ ಚುಚ್ಚಬೇಕಾ?" ಅಂತ ಕೇಳುವುದಿಲ್ಲ.

ಈಗ ಫ್ರಿಜ್ಜಿನ ಬಾಗಿಲಲ್ಲಿ
ಮಲ್ಲಿಗೆ ದಂಡೆಯ ಪಕ್ಕ ಇನ್ಸುಲಿನ್ ಸೀಸೆ.
ಕರೆಂಟು ಹೋದರೆ ಎಲ್ಲರೂ ಫ್ಯಾನ್ ನೋಡುತ್ತಾರೆ,
ನಾವು ಫ್ರಿಜ್ಜು ನೋಡುತ್ತೇವೆ.
ವಿನುತ ಮುದ್ದೆ ತೂಗುತ್ತಾಳೆ,
ಚಿನ್ನದಂಗಡಿಯವನ ಹಾಗೆ ಒಂದು ಚೂರು ಮುರಿದು, ಮತ್ತೆ ಅಂಟಿಸಿ.
ಮುದ್ದೆಗೆ ತಕ್ಕಡಿ ಹಿಡಿದ ಮನೆ ಎಲ್ಲಾದರೂ ಉಂಟಾ
ಎಂದು ಗೊಣಗಿದ ಅವ್ವ
ಈಗ ತಾನೇ ಕನ್ನಡಕ ಹಾಕಿಕೊಂಡು ಗ್ರಾಂ ಓದುತ್ತಾಳೆ, ತಪ್ಪಾಗಿ.

ಬಂದವರು ಹಾಗಲಕಾಯಿ ರಸ ಹೇಳಿದರು.
ಮದ್ದೂರಿನ ಭಾವ ಬೇರು ಕೊಡುವವರ ನಂಬರು ಕಳಿಸಿದ,
ಸೂಜಿ ನಿಲ್ಲಿಸಿಬಿಡಿ ಎಂದೂ ಹೇಳಿದ.
ವಿನುತ ಕಾಫಿ ಕೊಟ್ಟಳು, ಉತ್ತರ ಕೊಡಲಿಲ್ಲ.

ಒಂದು ಸಂಜೆ ಅಚ್ಚು ಹುಯ್ದು ಬಂದವನೇ
ಅವಳ ಕೈ ಹಿಡಿದು ಬೆರಳ ತುದಿ ಒತ್ತಿದೆ.
ಮುನ್ನೂರ ತೊಂಬತ್ತೆಂಟು.
ಎದೆ ಕುಸಿಯಿತು. ಸಿರಿಂಜಿಗೆ ಕೈ ಹಾಕಿದೆ.
"ಬಿಡಿ ಅದ. ಮೊದಲು ಕೈ ತೊಳ್ಕೊಂಡು ಬನ್ನಿ," ಅಂದಳು ವಿನುತ,
"ಅವಳದ್ದೂ ತೊಳೀರಿ."
ಸೋಪು ಹಚ್ಚಿದೆ, ಒರೆಸಿದೆ, ಇನ್ನೊಂದು ಬೆರಳು.
ನೂರ ಮೂವತ್ತೊಂದು.

ಅಂದರೆ ಆ ಸಕ್ಕರೆ ನನ್ನದು.
ಅವಳ ರಕ್ತದ್ದಲ್ಲ, ನನ್ನ ಉಗುರಿನ ಸಂದಿಯದು.
ಬಚ್ಚಲ ಕಲ್ಲಿನ ಮೇಲೆ ಕೂತು ಎಷ್ಟೋ ಹೊತ್ತು ನಕ್ಕೆ,
ನಕ್ಕದ್ದೇ ಹೌದಾ ಎಂದು ಅವ್ವ ಇಣುಕಿ ನೋಡಿದಳು.
ಡಾಕ್ಟರಮ್ಮನ ಮಾತು
ಕಿವಿಯಿಂದ ಒಳಗಿಳಿಯಲು ಮೂರು ತಿಂಗಳು ಹಿಡಿದಿತ್ತು.

ನಿನ್ನೆ ರಾತ್ರಿ ಮೂರಕ್ಕೆ ಐವತ್ತೆಂಟು.
ಗ್ಲೂಕೋಸ್ ಡಬ್ಬದಲ್ಲಿ ತಳ ಮಾತ್ರ ಕಂಡಿತು.
ನಮ್ಮದೇ ಅಚ್ಚು, ಕುಟ್ಟಿ ನೀರಿಗೆ ಹಾಕಿ ಕದಡಿ
ಎಬ್ಬಿಸಿ ಕೂರಿಸಿ ಕುಡಿಸಿದೆ.
ಹದಿನೈದು ನಿಮಿಷ ಕಾಯಬೇಕು.
ಪಾಕದ ಹದ ಕಾದು ಇಪ್ಪತ್ತೆರಡು ವರ್ಷವಾಯಿತು,
ನೊರೆಯ ಬಣ್ಣ ನೋಡಿಯೇ ಹೇಳಬಲ್ಲೆ.
ಇಲ್ಲಿ ನೊರೆಯಿಲ್ಲ, ಹಣೆಯ ಬೆವರಷ್ಟೇ.
ಹೊರಗೆ ಕಬ್ಬು ಹೇರಿದ ಟ್ರ್ಯಾಕ್ಟರು
ಹಳ್ಳಕ್ಕೆ ಇಳಿದು ಎದ್ದು ಹೋಯಿತು.

ಎರಡು ಸಲ ಕೈ ತೊಳೆದೆ.
ಬೆರಳು ಚುಚ್ಚಿದಾಗ ಕಣ್ಣು ಬಿಡದೇ ಕೇಳಿದಳು,
"ಹಾಯ್ ಅಂತದಾ ಅಪ್ಪ?"
ಇಲ್ಲ ಮಗ, ತೊಂಬತ್ತೇಳು ಅಂತದೆ.
ಹೂಂ ಅಂದು, ಬೆರಳನ್ನು ನನ್ನ ಕೈಯಲ್ಲೇ ಬಿಟ್ಟು
ಗೋಡೆಯ ಕಡೆ ತಿರುಗಿದಳು.