ತಲುಪಿಸಲಾಗಿದೆ

ಮೊಬೈಲು ಹೇಳತೈತಿ: ತಲುಪಿಸಲಾಗಿದೆ.
ಮಂಗಳವಾರ, ನಾಕು ಗಂಟೆ ಹನ್ನೆರಡು ನಿಮಿಷ.

ಯಾರು ತಲುಪಿಸಿದ್ರು? ಯಾರಿಗೆ?
ಏಳನೇತ್ತ್ಯಾಗ ಮುಳಗುಂದ ಮಾಸ್ತರು
ಬೆತ್ತ ಕುಟ್ಟಿ ಕೇಳತಿದ್ರು:
ಕರ್ತೃ ಎಲ್ಲೈತವ್ವಾ ಈ ವಾಕ್ಯದಾಗ?
ಕ್ರಿಯಾ ಐತ್ರಿ ಸರ, ಕರ್ಮ ಅಂತೂ ನಂದ ಐತ್ರಿ,
ಕರ್ತೃ ಪರಾರಿ ಆಗ್ಯಾನ್ರಿ.

ನಾ ತರಿಸಿದ್ದು ಹೊಲಿಗಿ ಮಷಿನ್ನಿನ ಮೋಟಾರು.
ಸಾವಿರದ ಎಂಟನೂರಾ ತೊಂಬತ್ತು ರೂಪಾಯಿ,
ಅಂದ್ರ ಮೂವತ್ತೆರಡು ಸೀರಿಯ ಫಾಲ್-ಪೀಕೋ.
ಇಪ್ಪತ್ತಾರು ವರ್ಷ ತುಳಿದ ಮೊಣಕಾಲು
ಇನ್ನ ಸಾಕವ್ವಾ ಅಂದಿತ್ತು.

ಸಾಕ್ಷಿಗೆ ಫೋಟೋ ಹಚ್ಚ್ಯಾರ:
ನೀಲಿ ಹವಾಯಿ ಚಪ್ಪಲಿ, ಕಂದು ಬಾಗಲಾ,
ಒಣಗಿದ ಚೆಂಡುಹೂವಿನ ತೋರಣ.
ನನ್ನ ಬಾಗಲಾ ಹಸರು. ತೋರಣ ಪ್ಲಾಸ್ಟಿಕ್ಕಿಂದು.
ಡೊಂಬಿವಲಿ ಪೂರ್ವ, ಒಂದ ಗಲ್ಲಿ, ಮೂರು ಸಾಯಿಕೃಪಾ.
ಕೃಪಾ ಹೆಚ್ಚಾಗಿ ಹಿಂಗಾತು.

ಫೋನ್ ಹಚ್ಚಿದೆ. ಒಂದರ ಗುಂಡಿ ಒತ್ತಿ, ಒಂಬತ್ತರ ಗುಂಡಿ ಒತ್ತಿ.
ಜೀವಮಾನ ಗುಂಡಿ ಹಚ್ಚಿದಾಕಿ ನಾ, ದಣೀತೇನೇನು?
ಕಡೀಕೊಬ್ಬ ಹುಡುಗ ಸಿಕ್ಕ:
‘ಫೋಟೋ ಇದೆ ಮ್ಯಾಡಮ್, ಕೇಸ್ ಕ್ಲೋಸ್.’

ಅದ ಫೋಟೋ ಹಿಡಕೊಂಡು ಮಾಳಿಗಿ ಮಾಳಿಗಿ ಏರಿದೆ,
ಜಾತ್ರ್ಯಾಗ ಕಳದ ಕೂಸಿನ್ನ ಹುಡುಕಿದಂಗ
ಒಂದು ಬಾಗಲಾ ಹುಡುಕಿದೆ.
ಮೂರನೇ ಸಾಯಿಕೃಪಾ, ನಾಕನೇ ಮಾಳಿಗಿ:
ಅದ ತೋರಣ. ಚಪ್ಪಲಿಲ್ಲ. ಕೀಲಿ.

ಬಾಜೂ ಮನಿ ಪಾಲಕರ ಬಾಯಿ ಹೊರಗ ಬಂದು ಅಂದ್ಲು:
ಗುರವ ಮಂದಿ ಕೊಂಕಣಕ್ಕ ಹೋದ್ರಲಾ, ಗಣಪತಿಗೆ.
ಮೂರ್ತಿ ಹಿಂದ ಚಕ್ರ ತಿರಗಸಾಕ ಮೋಟಾರು ತರಿಸಿದ್ರು,
ಸರಿ ಹೊತ್ತಿಗೆ ಬಂತು ಅಂತ ಕುಣದಾಡಿದ್ರು.

ನಗಬೇಕೋ ಅಳಬೇಕೋ.
ಯಾವದೋ ಊರಾಗ ದೇವರ ತಲಿ ಹಿಂದ
ನನ್ನ ಮೂವತ್ತೆರಡು ಸೀರಿ
ಗರಗರ ತಿರಗಲಿಕ್ಕತ್ತಾವ.
ಮಂದಿ ಕೈ ಮುಗೀತಿರಬೇಕು.

ಗುರವರ ಮ್ಯಾಲ ನನ್ನ ತಕರಾರಿಲ್ಲ.
ಗಣಪ್ಪಾ, ನಿನ್ನ ಮ್ಯಾಲ ಮೊದಲ ಇಲ್ಲ.
ರೊಕ್ಕ ಯಾರು ತಗೊಂಡ್ರು, ಅವರ ಮ್ಯಾಲ ಅಷ್ಟ.
ಈಗ ಅವರು ಅಂತಾರ, ‘ನೀವೇ ಹೋಗಿ ಇಸ್ಕೊಳ್ಳಿ.’
ಒಮ್ಮೆ ಒಬ್ಬಾಕೀ ಪೈಠಣಿ ಇನ್ನೊಬ್ಬಾಕೀ ಚೀಲದಾಗ ಹೋಗಿತ್ತು.
ನೀವ ಹುಡಿಕ್ಯೋರಿ ಅಂದಿದ್ನೇನು ನಾ?
ಮಳ್ಯಾಗ ಕಲ್ಯಾಣತನಕ ಹೋಗಿ ತಂದು
ಇಸ್ತ್ರಿ ಮಾಡಿ ಕೊಟ್ಟೆ.

ಠಾಣೆಕ, ಗ್ರಾಹಕ ಆಯೋಗಕ್ಕ ಅರ್ಜಿ.
ವಕೀಲರು ಬ್ಯಾಡಂತ, ರಸೀದಿ ಸಾಕಂತ,
ಮತ್ತ ಆ ಫೋಟೋ. ಅವರ ಸಾಕ್ಷಿ ಈಗ ನನ್ನ ಸಾಕ್ಷಿ.
ನಾ ಹೇಳತೇನಿ, ಮಗಳು ಮರಾಠಿಯೊಳಗ ಬರೀತಾಳ:
‘ಪಾರ್ಸಲ್ ಮಿಳಾಲಂ ನಾಹೀ.’
ಪಾರ್ಸಲ್ಲು ಸಿಕ್ಕಿಲ್ಲ.

ಅಳಸು ಅಂದೆ.
ಕರ್ತೃ ಇಟ್ಟು ಬರಿ:
ನೀವು ನನಗ ಕೊಟ್ಟಿಲ್ಲ.

ಗೌರಿಯ ಬ್ಲೌಸು ಇನ್ನೂ ಹನ್ನೊಂದು ಬಾಕಿ ಅದಾವ.
ಮೊಣಕಾಲಿಗೆ ಎಣ್ಣಿ ತಿಕ್ಕಿ ಕುಂತೇನಿ.
ಬಲಗಾಲು ಮೊದಲು.