ಒಳಮಡಿಕೆ

ಅವ್ವ ಹುಟ್ಟಿದ್ದು ಅಧಿಕ ಆರನೇ ತಿಂಗಳಲ್ಲಿ.
ಎಲ್ಲರ ಆರನೆಯದು ಮುಗಿದ ಮೇಲೆ
ಎಲ್ಲೋ ಕೆಲವು ವರ್ಷ ಮಾತ್ರ
ಇನ್ನೊಂದು ಆರನೆಯದು ಬರುತ್ತದಲ್ಲ, ಅದರಲ್ಲಿ.
ಹಾಗಾಗಿ ಎಂಬತ್ತನಾಲ್ಕು ವರ್ಷಕ್ಕೆ
ಈ ಬೇಸಿಗೆ ಅವಳದು ನಾಲ್ಕನೇ ಹುಟ್ಟುಹಬ್ಬ.

ಯುದ್ಧದ ವರ್ಷ. ಗದ್ದೆಯ ಅಕ್ಕಿಯೆಲ್ಲ ಹಡಗು ಹತ್ತಿದ ವರ್ಷ.
ಐದು ಹೆಣ್ಣಿನ ಮೇಲೆ ಆರನೆಯದು.
ಬರಗಾಲದಲ್ಲಿ ಅಧಿಕಮಾಸ, ಎಂದು
ಗೋಡೆಗೆ ಮುಖ ಮಾಡಿ ಮಲಗಿದಳಂತೆ ಅಜ್ಜಿ.
ಹೆಸರಿಗೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ: ಯುನ್‌ಸಿಮ್.
ಯುನ್ ಅಂದರೆ ನಮ್ಮಲ್ಲಿ, ಹೆಚ್ಚಿಗೆ ಬಿದ್ದದ್ದು.

ಎಂಟು ವರ್ಷದ ಹಿಂದೆ ಒಮ್ಮೆ ಬರಬೇಕಿತ್ತು ಆ ತಿಂಗಳು.
ಚೀನಾದ ಪಂಚಾಂಗದಲ್ಲಿ ಬಂತು ಕೂಡ.
ನಮ್ಮ ಗಡಿಯಾರ ಒಂದು ಗಂಟೆ ಮುಂದೆ.
ಸೂರ್ಯ ಮಹಾಸೆಕೆಯ ಗೆರೆ ದಾಟಿದಾಗ
ಅಲ್ಲಿನ್ನೂ ರಾತ್ರಿ ಹನ್ನೊಂದೂಕಾಲು,
ಇಲ್ಲಿ ಆಗಲೇ ಮರುದಿನ.
ಅಷ್ಟಕ್ಕೇ ನಮ್ಮ ಅಧಿಕ
ಐದನೆಯದರ ಬೆನ್ನಿಗೆ ಅಂಟಿಕೊಂಡಿತು.
'ಸಮುದ್ರದಾಚೆ ಹುಟ್ಟಿದ್ದರೆ ಇವತ್ತು ನನ್ನದು'
ಎಂದು ಕಡಲಪಾಚಿಯ ಸಾರನ್ನು
ಬೆಕ್ಕಿನ ಬಟ್ಟಲಿಗೆ ಸುರಿದಳು ಅವ್ವ.
ಬೆಕ್ಕು ಮೂಸಿಯೂ ನೋಡಲಿಲ್ಲ.

ನಾನು ದರ್ಜಿ. ನನಗೆ ತಿಳಿಯುವುದು ಹೀಗೆ:
ಚಂದ್ರ ತರುವ ತಾನು ವರ್ಷಕ್ಕೆ ಹನ್ನೊಂದು ಬೆರಳು ಗಿಡ್ಡ.
ತೊಡುವವಳು ಭೂಮಿ, ಅವಳ ಅಳತೆ ಅದೇ.
ಎರಡು ವರ್ಷ ಎಳೆದೆಳೆದು ಹೊಂದಿಸಬಹುದು,
ಮೂರನೆಯದಕ್ಕೆ ಮೊಣಕಾಲು ಕಾಣುತ್ತದೆ.
ಹಾಗೇ ಬಿಟ್ಟರೆ ಒಂದು ದಿನ
ನಾಟಿಯ ತಿಂಗಳು ಹಿಮದಲ್ಲಿ ಬಂದು ನಿಂತೀತು
ಸಸಿ ಹಿಡಿದುಕೊಂಡು, ಬರಿಗಾಲಲ್ಲಿ.
ಅದಕ್ಕೇ ಒಂದು ತಿಂಗಳ ತೇಪೆ.

ತೇಪೆಯ ತಿಂಗಳಿಗೆ ಕಾವಲು ದೇವರಿಲ್ಲ ಅನ್ನುತ್ತಾರೆ
ಆಂದೋಂಗಿನ ಹಳಬರು.
ಹನ್ನೆರಡು ಮಂದಿ ಹನ್ನೆರಡಕ್ಕೆ ಸರಿಹೋಗಿ
ಹದಿಮೂರನೇ ಕುರ್ಚಿ ಖಾಲಿ.
ಹೆಣವನ್ನು ತಲೆಕೆಳಗೆ ನಿಲ್ಲಿಸಿದರೂ ಕೇಳುವವರಿಲ್ಲ.
ಹಳೆಯ ಗೋರಿ ಸರಿಸುವವರು ಸರಿಸುತ್ತಾರೆ,
ಮುದುಕರು ತಮ್ಮ ಕೊನೆಯ ಉಡುಪಿಗೆ ಅಳತೆ ಕೊಡಲು ಬರುತ್ತಾರೆ.
ಈ ತಿಂಗಳು ಹೊಲಿಸಿಟ್ಟರೆ ಆಯಸ್ಸು ಹೆಚ್ಚಂತೆ.
ಅಂಗಡಿಯ ತುಂಬ ಸೆಣಬಿನ ವಾಸನೆ, ಹೊರಗೆ ಜೀರುಂಡೆ,
ಫ್ಯಾನು ಒಂದೇ ಕಡೆ ತಿರುಗುತ್ತದೆ.

ಅವ್ವ ಬಸ್ಸಿಳಿದು ಬಂದಳು, ಬಟ್ಟೆ ತಾನೇ ಹೊತ್ತು.
ನಿಯಮ ಅವಳಿಗೂ ಗೊತ್ತು:
ಒಂದೇ ದಿನದಲ್ಲಿ ಮುಗಿಯಬೇಕು,
ದಾರಕ್ಕೆ ಗಂಟು ಹಾಕಬಾರದು,
ಸೂಜಿ ಬಂದ ದಾರಿಗೆ ಮರಳಬಾರದು.

'ಜೇಬು ಇಡು.'
'ಅವ್ವಾ, ಇದಕ್ಕೆ ಜೇಬಿಲ್ಲ.'
'ಈ ತಿಂಗಳು ಯಾರು ನೋಡುತ್ತಾರೆ?'
'ಏನು ಹಾಕುತ್ತೀ ಅದರಲ್ಲಿ?'
ಯೋಚಿಸಿದಳು. 'ಕನ್ನಡಕ.' ಆಮೇಲೆ,
'ಬೇಡ, ಬಸ್ಸಿನ ಕಾರ್ಡು.'
ಇನ್ನೂ ಸ್ವಲ್ಪ ಹೊತ್ತು ಬಿಟ್ಟು,
'ಸುಮ್ಮನೆ ಕೈ ಇಟ್ಟುಕೊಳ್ಳೋಕೆ.'

ಇಟ್ಟೆ.
ಶಾಲೆಯ ಸಮವಸ್ತ್ರ ಹೊಲಿದು ಹೊಲಿದು ಪಳಗಿದ ಕೈ,
ಅಂಚಿನಲ್ಲಿ ನಾಲ್ಕು ಬೆರಳು ಒಳಮಡಿಕೆಯನ್ನೂ ಬಿಟ್ಟಿತು.
ಅವ್ವ ಅದನ್ನು ಎತ್ತಿ ನೋಡಿ,
'ಬೆಳೆಯುತ್ತೀನಾ ನಾನು?' ಎಂದಳು.
ಬೆರಳು ಮಡಿಸಿ ಎಣಿಸಿದಳು:
ಮುಂದಿನ ಅಧಿಕ ಆರಕ್ಕೆ ಹನ್ನೊಂದು ವರ್ಷ. ತೊಂಬತ್ತೈದು.
'ಇರಲಿ ಬಿಡು, ಬಿಚ್ಚಬೇಡ.'

ಅಳತೆ ನೋಡಲು ತೊಟ್ಟವಳು ತೆಗೆಯಲೇ ಇಲ್ಲ.
ಅದರಲ್ಲೇ ಕೂತು ಹುಟ್ಟುಹಬ್ಬದ ಸಾರು ಕುಡಿದು
ಎದೆಯ ಮೇಲೆಲ್ಲ ಚೆಲ್ಲಿಕೊಂಡಳು.
ಬೈಯುತ್ತಲೇ ಒಗೆದೆ.
ಮಾಳಿಗೆಯ ಹಗ್ಗದಲ್ಲಿ
ಪಕ್ಕದ ಮನೆಯ ಮಗುವಿನ ಚಡ್ಡಿಯ ಜೊತೆ
ತೋಳು ಬೀಸಿಕೊಂಡು ನೇತಾಡಿತು.

ಸಂಜೆಗೆ ಮುಟ್ಟಿ ನೋಡಿದೆ.
ಎಲ್ಲ ಒಣಗಿತ್ತು,
ಜೇಬು ಮತ್ತು ಆ ಮಡಿಕೆ
ಇನ್ನೂ ಹಸಿ.