ದಾನಿ: ಗಂಡು, ೩೪

ಶಟರು ಬಿದ್ದು ಕುಸಿದ ಮೂಗು ಇದಿನಬ್ಬರದು.
ಕಿವಿಯದನ್ನು ಹೋದ ಸಲವೇ ತೆಗೆದಾಗಿದೆ.
ಪಕ್ಕೆಗೆ ಸೂಜಿ ಚುಚ್ಚಿ ನೋಡಿದರು ಡಾಕ್ಟರು:
ಮನಾಮದಲ್ಲಿ ನಲವತ್ತು ವರ್ಷ ಮೂಟೆ ಹೊತ್ತ ಎದೆ,
ಮೆದುವೆಲುಬು ಗಟ್ಟಿ ಎಲುಬೇ ಆಗಿಬಿಟ್ಟಿದೆ.

ಫ್ರಿಜ್ಜಿನಿಂದ ನಾನೇ ತಂದೆ ಪೊಟ್ಟಣ.
ಯಾರದೋ ಪಕ್ಕೆ. ಹೆಸರಿಗೆ ಜಾಗವಿಲ್ಲ, ನಂಬರಿದೆ.
ಉಪ್ಪುನೀರಲ್ಲಿ ತಾಟಿನುಂಗಿನ ಬಿಳಿ.
ಕೆತ್ತಿಟ್ಟು, ಬಾಗುತ್ತದೋ ಎಂದು ಕಾಲು ಗಂಟೆ ಕಾದೆವು.
ಬಾಗಲಿಲ್ಲ.

ಈ ಊರಿಂದ ಪೆಟ್ಟಿಗೆಯಲ್ಲಿ ವಿಮಾನ ಹತ್ತಿದವರ
ಕಾಗದಪತ್ರ ಎಷ್ಟು ಸಲ ಜೋಡಿಸಿದ್ದೇನೆ;
ಪೆಟ್ಟಿಗೆಯಲ್ಲಿ ಇಳಿದು ಬಂದವನು ಇವನೊಬ್ಬ.

ಮಂಪರು ಇಳಿದ ಮೇಲೆ ಇದಿನಬ್ಬ ಕೇಳಿದರು:
"ಯಾರದು ಸಿಸ್ಟರ್? ಒಂದು ಸಲಾಮಾದರೂ ಹೇಳ್ಬೇಕಲ್ಲ."
ನಂಬರು ಬರೆದುಕೊಟ್ಟೆ.
ಆಸ್ಪತ್ರೆಯ ಅಂಗಿಗೆ ಕಿಸೆಯಿಲ್ಲ;
ಮುಷ್ಟಿಯಲ್ಲೇ ಇಟ್ಟುಕೊಂಡು ಮಲಗಿದರು,
ಬಾಯಿಂದ ಉಸಿರಾಡುತ್ತ.